ಬಾರದವರು ನಮ್ಮ ಅಂಗಡಿಗೆ ಬರುತ್ತಾರೆ

ಔಷಧಿ ಅಂಗಡಿ ನಡೆಸುವವನಿಗೆ ಊರಿನ ಆರೋಗ್ಯ ಕಪಾಟಿನಲ್ಲೇ ಗೊತ್ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕೆಮ್ಮಿನ ಸಿರಪ್, ಜ್ವರದ ಮಾತ್ರೆ, ಕಾಲ್ಬೆರಳ ಸಂದಿಗೆ ಹಚ್ಚುವ ಮುಲಾಮು ಓಡುತ್ತವೆ. ಕಾಫಿ ಕುಯ್ಲು ಶುರುವಾದರೆ ಬೆನ್ನುನೋವಿನ ಎಣ್ಣೆ, ತುರಿಕೆಯ ಲೋಷನ್. ಆದರೆ ಮಳೆಗೂ ಕುಯ್ಲಿಗೂ ಸಂಬಂಧವಿಲ್ಲದೆ ವರ್ಷವಿಡೀ ಖಾಲಿಯಾಗುತ್ತಲೇ ಇರುವ ಅರೆ ಒಂದಿದೆ. ಸಕ್ಕರೆ ಕಾಯಿಲೆಯ ಮಾತ್ರೆಗಳದ್ದು: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಎರಡೂ ಸೇರಿದ ಮಾತ್ರೆ. ಅಪ್ಪನ ಕಾಲದಲ್ಲಿ ಇವಕ್ಕೆ ಒಂದು ಮೂಲೆ ಸಾಕಿತ್ತು. ಈಗ ಕುರ್ಚಿಯಿಂದ ಏಳದೆ ಕೈಗೆ ಸಿಗುವ ಎತ್ತರದಲ್ಲಿ ಇಟ್ಟಿದ್ದೇನೆ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಅಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಕೊಡಗಿನ ವಿರಾಜಪೇಟೆ ಸೀಮೆಯ ಒಂದು ಸಣ್ಣ ಪೇಟೆ ನಮ್ಮದು. ರಸ್ತೆಯ ಆಚೆ ಬದಿಗೆ ಒಂದು ಕ್ಲಿನಿಕ್ಕು. ಅಲ್ಲಿನ ಡಾಕ್ಟರ್ ಮೇಡಂ ಬಯಲುಸೀಮೆಯಿಂದ ಬಂದು ಇಲ್ಲೇ ನೆಲೆನಿಂತವರು. ಶುಗರ್ ಇರುವ ಪ್ರತಿಯೊಬ್ಬರಿಗೂ ಅದದೇ ಮಾತನ್ನು ನಾಲ್ಕು ನಿಮಿಷದಲ್ಲಿ ಹೇಳಿ ಕಳಿಸಿ, ಅವರು ಅದನ್ನು ಬಾಗಿಲು ದಾಟುವುದರೊಳಗೆ ಮರೆತು, ಮೂರು ತಿಂಗಳ ಮೇಲೆ ಮತ್ತೆ ಅಷ್ಟೇ ಶುಗರ್ ಹೊತ್ತು ಬರುವುದನ್ನು ನೋಡಿ ನೋಡಿ ಬೇಸತ್ತು, ತಿಂಗಳಿಗೊಮ್ಮೆ ಹತ್ತು ಜನರನ್ನು ಒಟ್ಟಿಗೆ ಕೂರಿಸಿ ನೋಡುವ ಪದ್ಧತಿ ಶುರು ಮಾಡಿದರು. ಮಾತ್ರೆಗಳ ಬಗ್ಗೆ ಹೇಳಲಿಕ್ಕೆ ನನ್ನನ್ನೂ ಕರೆದರು. ಹಾಗಾಗಿ ಆ ಕೋಣೆಯಲ್ಲಿ ಏನಾಗುತ್ತದೆ ಅನ್ನುವುದನ್ನು ಕಂಡಿದ್ದೇನೆ. ಅಲ್ಲಿಗೆ ಬಾರದವರು ಕೌಂಟರಿಗೆ ಮೊಣಕೈ ಊರಿ ಏನು ಹೇಳುತ್ತಾರೆ ಅನ್ನುವುದನ್ನು ಅದಕ್ಕಿಂತ ಹೆಚ್ಚು ಕೇಳಿದ್ದೇನೆ.

ಬಂದ ಕೂಡಲೇ ಸಿಸ್ಟರ್ ತೂಕ, ಬಿಪಿ ನೋಡಿ ಬೆರಳು ಚುಚ್ಚಿ ಶುಗರ್ ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಸುತ್ತ ಕೂರುತ್ತಾರೆ. ಡಾಕ್ಟರ್ ಒಬ್ಬೊಬ್ಬರ ರಿಪೋರ್ಟ್ ತೆಗೆದು ಎಲ್ಲರೆದುರೇ ಮಾತಾಡುತ್ತಾರೆ, ಮಾತ್ರೆ ಬದಲಿಸುವುದಿದ್ದರೆ ಅಲ್ಲೇ ಬದಲಿಸುತ್ತಾರೆ. ಒಬ್ಬರಿಗೆ ಹೇಳಿದ್ದು ಒಂಬತ್ತು ಜನರ ಕಿವಿಗೆ ಬೀಳುತ್ತದೆ, ಒಬ್ಬರು ಕೇಳಲು ಹೆದರಿದ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿರುತ್ತಾರೆ. ಕೊನೆಯಲ್ಲಿ, ಒಬ್ಬರೇ ಮಾತಾಡಬೇಕು ಅನ್ನುವವರಿಗೆ ಒಳಕೋಣೆಯಲ್ಲಿ ಐದು ನಿಮಿಷ. ಒಟ್ಟು ಎರಡು ಗಂಟೆ. ಭಾಷಣವಲ್ಲ, ಪೂರ್ತಿ ತಪಾಸಣೆಯೇ.

ಇದು ಮೇಡಂ ಕಂಡುಹಿಡಿದದ್ದೇನಲ್ಲ. ಅಮೆರಿಕದ ಕೈಸರ್ ಪರ್ಮನೆಂಟೆ ಸಂಸ್ಥೆಯ ವೈದ್ಯರು 1990ರ ದಶಕದಲ್ಲೇ ರೋಗಿಗಳನ್ನು ಹೀಗೆ ಗುಂಪಿನಲ್ಲಿ ನೋಡತೊಡಗಿದ್ದರು. ಇಟಲಿಯ ಟುರಿನ್ ನಗರದಲ್ಲಿ ಮರೀನಾ ಟ್ರೆಂಟೊ ಮತ್ತು ಸಂಗಡಿಗರು ಟೈಪ್ 2 ಮಧುಮೇಹಿಗಳ ಮೇಲೆ ಐದು ವರ್ಷ ಪ್ರಯೋಗ ನಡೆಸಿದರು. 2004ರಲ್ಲಿ ಬಂದ ಫಲಿತಾಂಶದ ಪ್ರಕಾರ, ಒಬ್ಬೊಬ್ಬರೇ ಹೋಗಿ ಡಾಕ್ಟರನ್ನು ಕಂಡವರ ಎಚ್‌ಬಿಎ1ಸಿ, ಅಂದರೆ ನಮ್ಮವರು 'ಮೂರು ತಿಂಗಳ ಶುಗರ್' ಅನ್ನುವ ಲೆಕ್ಕ, ವರ್ಷ ಕಳೆದಂತೆ ಏರಿತ್ತು. ಗುಂಪಿನವರದ್ದು ಏರಲಿಲ್ಲ. ದೂರ ಯಾಕೆ, ಪುದುಚೇರಿಯ ಅರವಿಂದ ಕಣ್ಣಾಸ್ಪತ್ರೆಯಲ್ಲಿ ಕಣ್ಣಿನ ನರ ಕೆಡಿಸುವ ಗ್ಲಾಕೋಮಾ ಕಾಯಿಲೆಯ 1,000 ರೋಗಿಗಳ ಮೇಲೆ ಇಂಥದ್ದೇ ಪ್ರಯೋಗ ನಡೆದಿದೆ. ಐದೈದು ಜನರ ಗುಂಪಿನಲ್ಲಿ ಕೂತವರು ಒಂಟಿಯಾಗಿ ಹೋದವರಿಗಿಂತ ಹೆಚ್ಚು ಪ್ರಶ್ನೆ ಕೇಳಿದರು, ಹೆಚ್ಚು ತಿಳಿದುಕೊಂಡರು. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಗುಂಪು ತಪಾಸಣೆಯಿಂದ ಎಚ್‌ಬಿಎ1ಸಿ ಸರಾಸರಿ ಅರ್ಧ ಪಾಯಿಂಟಿನಷ್ಟು ಇಳಿಯುತ್ತದೆ ಅನ್ನುತ್ತಾರೆ. ಅರ್ಧ ಪಾಯಿಂಟು ಕೇಳಲು ಚಿಲ್ಲರೆ. ಆದರೆ ಕಣ್ಣು, ಕಿಡ್ನಿ ಹೋಗುವ ಲೆಕ್ಕದಲ್ಲಿ ಚಿಲ್ಲರೆಯಲ್ಲ.

ಈ ಲೆಕ್ಕಗಳನ್ನು ಓದುವಾಗ ನನಗೊಂದು ಗುಮಾನಿ ಮಾತ್ರ ಹೋಗುವುದಿಲ್ಲ. ಇವೆಲ್ಲ ಬರಲು ಒಪ್ಪಿದವರ ಶುಗರ್. ಕರೆದರೂ ಬಾರದವರ ಶುಗರನ್ನು ಬರೆದಿಟ್ಟವರು ಯಾರು?

ನಮ್ಮ ಗುಂಪಿಗೆ ತಪ್ಪದೆ ಬರುವವರು ಯಾರೆಂದರೆ ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿ ಇದ್ದವರು, ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ ಇರುವ ದಂಪತಿ. ಬೆಳಗ್ಗೆ ವಾಕಿಂಗ್ ಮಾಡುವವರು, ಶುಗರ್ ಬುಕ್ಕಿನಲ್ಲಿ ಕೆಂಪು ಶಾಯಿ ನೀಲಿ ಶಾಯಿ ಬೇರೆ ಬೇರೆ ಬಳಸುವವರು. ಇವರಿಗೆ ಗುಂಪು ಇಲ್ಲದಿದ್ದರೂ ನಡೆಯುತ್ತಿತ್ತು. ಹಾಗಂತ ಅದರಿಂದ ಉಪಯೋಗವಿಲ್ಲ ಅನ್ನಲಾರೆ. ಒಂದು ಮಳೆಗಾಲ ಮರ ಬಿದ್ದು ನಮ್ಮ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಫ್ರಿಜ್ಜಿನಲ್ಲಿಟ್ಟ ಇನ್ಸುಲಿನ್ ಕೆಟ್ಟಿತೆಂದು ಎಷ್ಟೋ ಜನ ಎಸೆದೇಬಿಟ್ಟಿದ್ದರು. ಗುಂಪಿನಲ್ಲಿ ಒಬ್ಬ ಅಮ್ಮ ಇದನ್ನು ಎತ್ತಿದಾಗ ಮೇಡಂ ಹೇಳಿದರು: ಬಳಸುತ್ತಿರುವ ಸೀಸೆ ಫ್ರಿಜ್ಜಿನ ಹೊರಗೂ ನಾಲ್ಕು ವಾರ ತಡೆಯುತ್ತದೆ, ಬಿಸಿಲು, ಒಲೆಯ ಶಾಖ ತಾಗಬಾರದು ಅಷ್ಟೆ. ಕೊಡಗಿನ ಜುಲೈ ತಿಂಗಳಿಗೆ ಫ್ರಿಜ್ಜೇ ಬೇಡ! ಆ ಒಂದು ಮಾತಿನಿಂದ ಎಷ್ಟು ಮನೆಯ ದುಡ್ಡು ಉಳಿಯಿತೋ. ಈ ಮಾತು ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದವರು ಆ ದಿನ ಅಲ್ಲಿರಲಿಲ್ಲ.

ಯಾಕೆ ಬರುವುದಿಲ್ಲ ಅಂದರೆ ಆರೋಗ್ಯ ಇಲಾಖೆಯವರೂ ಡಾಕ್ಟರುಗಳೂ ಒಂದೇ ಉತ್ತರ ಇಟ್ಟುಕೊಂಡಿದ್ದಾರೆ: ಜಾಗೃತಿ ಇಲ್ಲ. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ.

ತಿಳಿವಳಿಕೆಯ ತೊಡಕು ಇಲ್ಲವೇ ಇಲ್ಲ ಎಂದಲ್ಲ. ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಬನ್ನಿ ಅಂದರೆ ಜನರಿಗೆ ನೆನಪಾಗುವುದು ಕ್ಯಾಂಪು. ಶಾಲೆ ಮೈದಾನದಲ್ಲಿ ಶಾಮಿಯಾನ, ಮೈಕು, ಉದ್ಘಾಟನೆ, ಫ್ರೀ ಮಾತ್ರೆ. "ಕ್ಯಾಂಪಿಗೆ ಹೋದ ವರ್ಷ ಹೋಗಿದ್ದೆನಲ್ಲ ಅಣ್ಣ, ಮತ್ತೆ ಎಂತಕ್ಕೆ?" ಅನ್ನುತ್ತಾರೆ. ಇನ್ನು ಕೆಲವರಿಗೆ ತಿರುಗಾಮುರುಗಾ ಅನುಮಾನ: ಫೀಸು ಕೊಡುವವರು ನಾವು, ನಮ್ಮನ್ನು ಒಬ್ಬೊಬ್ಬರಾಗಿ ನೋಡದೆ ರಾಶಿ ಹಾಕಿ ಯಾಕೆ ನೋಡಬೇಕು? ಇವೆಲ್ಲ ನಾಲ್ಕು ಮಾತಿನಲ್ಲಿ ಬಿಡಿಸಬಹುದಾದವು. ಬಿಡಿಸಿದ್ದೇವೆ ಕೂಡ.

ಕೂಲಿಯ ಲೆಕ್ಕ ಹಾಗೆ ಬಿಡಿಸಲಾಗದ್ದು. ಗುಂಪು ಇಟ್ಟಿದ್ದು ತಿಂಗಳ ಮೊದಲ ಗುರುವಾರ, ಬೆಳಗ್ಗೆ ಹತ್ತೂವರೆಗೆ. ಡಾಕ್ಟರಿಗೆ, ಸಿಸ್ಟರಿಗೆ, ನನಗೆ ಅನುಕೂಲವಾದ ಹೊತ್ತು. ತೋಟದ ಕೆಲಸದವರು ಬೆಳಗ್ಗೆಯೇ ತೋಟದ ಲೆಕ್ಕ ಬರೆಯುವ ರೈಟರ ಮುಂದೆ ಹಾಜರಿ ಹಾಕಿಸಬೇಕು. ಎರಡು ಗಂಟೆಯ ಗುಂಪಿಗೆ ಬಂದರೆ ಎರಡು ಗಂಟೆಯ ಕೂಲಿಯಷ್ಟೇ ಹೋಗುವುದಿಲ್ಲ, ಇಡೀ ದಿನದ್ದು ಹೋಗುತ್ತದೆ. ರೋಬಸ್ಟಾ ಕಾಫಿ ಕುಯ್ಯುವ ಕಾಲದಲ್ಲಂತೂ ಕೆ.ಜಿ. ಲೆಕ್ಕ. ಕೈ ಚುರುಕಿನ ಹೆಂಗಸರು ಹಾಜರಿ ಕೂಲಿಗಿಂತ ಎಷ್ಟೋ ಹೆಚ್ಚು ದುಡಿದು, ಮಕ್ಕಳ ಫೀಸು, ಸಂಘದ ಸಾಲ ಎಲ್ಲ ತೀರಿಸಿಕೊಳ್ಳುವ ಕಾಲ ಅದು.

ನಮ್ಮಲ್ಲಿಗೆ ಒಬ್ಬ ಅಕ್ಕ ಶನಿವಾರ ಸಂಜೆ ಬಟವಾಡೆ ಆದ ಮೇಲೆ ಬರುತ್ತಾರೆ. ಸಣ್ಣ ಪರ್ಸಿನಿಂದ ಖಾಲಿ ಸ್ಟ್ರಿಪ್ಪಿನ ತುಂಡು ತೆಗೆದು ಕೌಂಟರ್ ಮೇಲಿಡುತ್ತಾರೆ. ಹೆಸರು ಓದಲು ಬಾರದು, ಬೆಳ್ಳಿ ಹಾಳೆಯ ಮೇಲಿನ ಬಣ್ಣದ ಪಟ್ಟಿ ಗೊತ್ತು. ಜೊತೆಗೆ ನಾಲ್ಕಾಗಿ ಮಡಚಿ ಮಡಚಿ ಮಡಿಕೆಯಲ್ಲೇ ಹರಿದ ಡಾಕ್ಟರ ಚೀಟಿ. "ವಾರಕ್ಕೆ ಸಾಕು ಅಣ್ಣ." ಬೆಳಗ್ಗೆ ಒಂದು, ರಾತ್ರಿ ಒಂದು. ಹದಿನಾಲ್ಕು ಎಣಿಸಿ ಕತ್ತರಿ ಹಾಕುತ್ತೇನೆ. ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು, ಅದು ನಮ್ಮ ಕಸುಬಿನ ಕಟ್ಟಳೆ. ಗುಂಪಿನ ವಿಷಯ ಹೇಳಿದಾಗ ಅವರು ನಕ್ಕುಬಿಟ್ಟರು. "ಗುರುವಾರದ ಕೂಲಿ ಹೋದ್ರೆ ಶನಿವಾರ ಈ ಮಾತ್ರೆಗೆ ದುಡ್ಡೆಲ್ಲಿಂದ ಅಣ್ಣ?" ಯಾವ ಜಾಗೃತಿ ಕಾರ್ಯಕ್ರಮದಲ್ಲಿ ಇದಕ್ಕೆ ಉತ್ತರ ಹೇಳಿಕೊಡುತ್ತಾರೆ?

ಹಾಗಾದರೆ ಬಿಡುವಿರುವ ತಿಂಗಳು ಯಾವುದು ಅಂತ ಮೇಡಮ್ಮೂ ನಾನೂ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತೆವು. ಕಾಫಿ ಮುಗಿದರೆ ಕರಿಮೆಣಸು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಪೈಪು ಎಳೆಯುವ ಕೆಲಸ. ಏಪ್ರಿಲ್, ಮೇ ಅಂದರೆ ಮದುವೆಗಳು. ಜೂನ್ ಬಂತೆಂದರೆ ಮಳೆ, ಗದ್ದೆ ಇರುವವರಿಗೆ ಅದರ ಬೆನ್ನಿಗೇ ನಾಟಿ. ಸೆಪ್ಟೆಂಬರಿಗೆ ಕೈಲ್ ಮುಹೂರ್ತ, ಅಕ್ಟೋಬರಿಗೆ ಕಾವೇರಿ ಸಂಕ್ರಮಣ, ಆಮೇಲೆ ಸುಗ್ಗಿಯ ಹಬ್ಬ ಪುತ್ತರಿ. ಪುತ್ತರಿ ಕದಿರು ತೆಗೆದು ಮುಗಿಯುವುದರೊಳಗೆ ಗಿಡದಲ್ಲಿ ಹಣ್ಣು ಕೆಂಪಾಗಿರುತ್ತದೆ. ಕ್ಯಾಲೆಂಡರನ್ನು ವಾಪಸ್ ಮೊಳೆಗೆ ನೇತುಹಾಕಿದೆವು.

ಬಸ್ಸಿನದ್ದು ಬೇರೆಯೇ ಕಥೆ. ರೈಲೇ ಇಲ್ಲದ ಜಿಲ್ಲೆ ನಮ್ಮದು. ಒಳಗಿನ ಊರುಗಳಿಗೆ ಬೆಳಗ್ಗೆ ಒಂದು ಬಸ್ಸು ತಪ್ಪಿದರೆ ಮತ್ತೆ ಮಧ್ಯಾಹ್ನವೇ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರಾದರೆ ಬೆಳಕು ಹರಿಯುವ ಮೊದಲು ರಸ್ತೆಗಿಳಿಯುವುದೇ ಕಷ್ಟ, ತೋಟದೊಳಗೆ ಆನೆ ಎಲ್ಲಿ ನಿಂತಿದೆಯೋ ಗೊತ್ತಿರುವುದಿಲ್ಲ. ಒಬ್ಬ ಅಜ್ಜನಿಗೆ ಬರೀ ಹೊಟ್ಟೆಯಲ್ಲಿ ಬನ್ನಿ, ರಕ್ತ ಪರೀಕ್ಷೆ ಇದೆ ಅಂತ ಹೇಳಿದ್ದರು. ಅಜ್ಜ ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು. ತಿಂಡಿ ಬಿಟ್ಟರು, ದಿನದ ಅಭ್ಯಾಸದಂತೆ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ನುಂಗಿದರು. ಬೆಳಗಿನ ಬಸ್ಸಿಗೆ ಬಂದು ಬೆಂಚಿನ ಮೇಲೆ ಕಾಯುತ್ತ ಕೂತವರು ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತು. ಸಿಸ್ಟರ್ ಬೆರಳು ಚುಚ್ಚಿ ನೋಡಿದರೆ ಶುಗರ್ 70ಕ್ಕಿಂತ ಎಷ್ಟೋ ಕೆಳಗೆ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರು. ಸುಧಾರಿಸಿದರು. ಆದರೆ ಮುಂದಿನ ತಿಂಗಳಿಂದ ಮನೆಯವರು ಕಳಿಸಲಿಲ್ಲ. ಸೊಸೆ ಅಂಗಡಿಗೆ ಬಂದು ನನಗೇ ಬೈದುಹೋದರು. ಊಟ ಮಾಡದಿದ್ದರೆ ಆ ಮಾತ್ರೆಯನ್ನೂ ಮುಂದೂಡಬೇಕು ಅನ್ನುವ ಒಂದು ಸಾಲು ಫೋನಿನಲ್ಲಿ ಹೇಳಿದ್ದರೆ ಸಾಕಿತ್ತು. ಈಗ ಗುಂಪಿಗೆ ಬರುವವರು ತಿಂದೇ ಬರುತ್ತಾರೆ. ಎಚ್‌ಬಿಎ1ಸಿ ಪರೀಕ್ಷೆಗೆ ಬರೀ ಹೊಟ್ಟೆ ಬೇಕಾಗಿಯೂ ಇಲ್ಲ.

ಕೂಲಿ, ಬಸ್ಸು, ಮಳೆ ಇವೆಲ್ಲ ಬಾಯಿಬಿಟ್ಟು ಹೇಳಬಹುದಾದ ಕಾರಣಗಳು. ಹೇಳದ ಕಾರಣ ಒಂದು ಪ್ರಶ್ನೆಯ ವೇಷದಲ್ಲಿ ಬರುತ್ತದೆ. ಗುಂಪಿಗೆ ಹೋಗಿ ಅಂತ ಯಾರಿಗೆ ಹೇಳಿದರೂ, ಎಷ್ಟು ದುಡ್ಡು, ಎಷ್ಟು ಹೊತ್ತು ಅಂತ ಕೇಳುವ ಮೊದಲೇ ಧ್ವನಿ ತಗ್ಗಿಸಿ ಕೇಳುತ್ತಾರೆ: "ಇನ್ಯಾರ್ಯಾರು ಬರ್ತಾರೆ?"

ಟುರಿನ್‌ನಂಥ ದೊಡ್ಡ ಊರಿನ ಗುಂಪಿನಲ್ಲಿ ಕೂತವರು ಅಪರಿಚಿತರಾಗಿ ಬಂದು ಗೆಳೆಯರಾಗಿರಬಹುದು. ಇಲ್ಲಿ ಅಪರಿಚಿತರೇ ಇಲ್ಲ. ಮನೆಹೆಸರು ಹೇಳಿದರೆ ಸಾಕು, ಯಾವ ಐನ್‌ಮನೆ ಅಂದರೆ ಕುಲದ ಮೂಲಮನೆ, ತಾಯಿ ಯಾವ ಕಡೆಯವಳು, ಯಾವ ಗದ್ದೆಯ ವ್ಯಾಜ್ಯ ಕೋರ್ಟಿನಲ್ಲಿದೆ ಎಲ್ಲವೂ ಬರುತ್ತದೆ. ಸುತ್ತ ಹಾಕಿದ ಹತ್ತು ಕುರ್ಚಿಯಲ್ಲಿ ಒಬ್ಬರು ತೋಟದ ಸಾವ್ಕಾರ್ರು, ಇಬ್ಬರು ಅವರದೇ ಲೈನ್ ಮನೆಯಲ್ಲಿರುವ ಕೆಲಸದವರು, ಒಬ್ಬರು ಇನ್ನೊಬ್ಬರ ಮಗಳನ್ನು ನೋಡಲು ಬಂದು ಬೇಡವೆಂದು ಹೋದ ಮನೆಯವರು. ಎಲ್ಲರಿಗೂ ಇರುವುದು ಒಂದೇ ಕಾಯಿಲೆ, ನಿಜ. ಹಾಗಂತ ಎಲ್ಲರೂ ಒಂದೇ ಎತ್ತರದ ಕುರ್ಚಿಯಲ್ಲಿ ಕೂತಂತೆ ಆಗುವುದಿಲ್ಲ.

ಪಾದ ಪರೀಕ್ಷೆಯ ದಿನ ಇದು ನನ್ನ ಕಣ್ಣಿಗೇ ಬಿತ್ತು. ಶುಗರ್ ಹೆಚ್ಚು ಕಾಲ ಏರಿದ್ದರೆ ಪಾದದ ನರ ಸತ್ತು ಸ್ಪರ್ಶ ತಿಳಿಯುವುದಿಲ್ಲ. ಅದನ್ನು ನೋಡಲು ಒಂದು ಸಣ್ಣ ಸಾಧನವಿದೆ, ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆ. ಅದು ಬಾಗುವಷ್ಟು ಒತ್ತಿದರೆ ಹತ್ತು ಗ್ರಾಂ ಭಾರ ಬಿದ್ದ ಹಾಗೆ. ಕಣ್ಣು ಮುಚ್ಚಿಸಿ ಹೆಬ್ಬೆರಳು, ಪಾದದ ಉಬ್ಬುಗಳ ಮೇಲೆ ಒತ್ತಿ, ಗೊತ್ತಾಯಿತಾ ಅಂತ ಕೇಳುತ್ತಾರೆ. ಗಂಬೂಟಿನಲ್ಲಿ ದಿನವಿಡೀ ಇರುವ ತೋಟದವರಿಗೆ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇಲ್ಲ. ಬೂಟಿನೊಳಗೆ ಸೇರಿದ ಕಲ್ಲು ಸಂಜೆ ಬಿಚ್ಚಿದಾಗಲೇ ಕಾಣುವುದು, ಅಷ್ಟರಲ್ಲಿ ಹುಣ್ಣಾಗಿರುತ್ತದೆ. ಮೇಡಂ ಒಂದು ಸ್ಟೂಲಿಟ್ಟು ಒಬ್ಬೊಬ್ಬರೇ ಕಾಲು ಚಾಚಿ ಅಂದರು. ನಿವೃತ್ತ ಮೇಷ್ಟ್ರು ಸಾಕ್ಸ್ ತೆಗೆದು ಚಾಚಿದರು. ಸಾವ್ಕಾರಮ್ಮ ಒಬ್ಬರು ಚಾಚಿದರು, ನೇಲ್ ಪಾಲಿಶ್ ಹಚ್ಚಿದ ಬೆರಳು. ಮುಂದಿನ ಸರದಿ ಅವರದೇ ಲೈನಿನ ಒಬ್ಬ ಹೆಂಗಸಿನದ್ದು. ಆಕೆ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, ಸೀರೆಯ ಅಂಚನ್ನು ಮುಂದಕ್ಕೆಳೆದು, "ನಂಗೆ ಚೆನ್ನಾಗಿ ಗೊತ್ತಾಗ್ತದೆ ಡಾಕ್ಟ್ರೇ, ನೋಡೋದು ಬೇಡ" ಅಂದರು. ಸಾವ್ಕಾರಮ್ಮ ಪ್ರೀತಿಯಿಂದಲೇ, "ತೋರಿಸು, ಎಂತ ನಾಚಿಕೆ" ಅಂದರು. ಆಕೆ ಇನ್ನಷ್ಟು ಒಳಗೆಳೆದುಕೊಂಡರು. ಹಿಮ್ಮಡಿ ಒಡೆದ, ಮಣ್ಣು ಸೇರಿದ ಕಾಲನ್ನು ತನ್ನ ಯಜಮಾನಿಯ ಮೂಗಿನ ಮುಂದಿನ ಸ್ಟೂಲಿನ ಮೇಲೆ ಇಡುವುದು ಆಕೆಯಿಂದ ಆಗದ ಕೆಲಸ. ನೈಲಾನ್ ಎಳೆ ಹಿಡಿದ ಕೈಗೆ ಇದು ತಿಳಿಯಬೇಕಿತ್ತು ಅಂತ ಮೇಡಮ್ಮೇ ಆಮೇಲೆ ಅಂದುಕೊಂಡರು. ಆಕೆ ಗುಂಪಿಗೆ ಮತ್ತೆ ಬರಲಿಲ್ಲ. ಮಾತ್ರೆಗೆ ಮಾತ್ರ ಬರುತ್ತಾರೆ.

ಮೇಲಿನವರಿಗೂ ಇದೇ ಸಂಕಟ, ಬೇರೆ ಬಗೆಯದು. ಮಿಲಿಟರಿಯಲ್ಲಿದ್ದು ನಿವೃತ್ತರಾದ ಒಬ್ಬ ಮಾವ, ಊರಿನಲ್ಲಿ ಎಲ್ಲರೂ ಎದ್ದು ನಿಂತು ಮಾತಾಡಿಸುವಂಥವರು, ಮೊದಲ ತಿಂಗಳು ಬಂದರು. ಆಗೆಲ್ಲ ಎಲ್ಲರ ಎಚ್‌ಬಿಎ1ಸಿಯನ್ನು ಬಿಳಿ ಬೋರ್ಡಿನ ಮೇಲೆ ಹೆಸರಿನೆದುರು ಬರೆಯುತ್ತಿದ್ದರು. ಪುಸ್ತಕದಲ್ಲಿ ಹಾಗೇ ಇದೆಯಂತೆ, ಒಬ್ಬರನ್ನು ನೋಡಿ ಒಬ್ಬರು ಸುಧಾರಿಸಲಿ ಅಂತ. ಬೋರ್ಡಿನ ಮೇಲೆ ಏಳು ಚಿಲ್ಲರೆ, ಎಂಟು ಚಿಲ್ಲರೆಗಳ ನಡುವೆ ಅವರದ್ದು ಹನ್ನೊಂದು ದಾಟಿತ್ತು. ತನ್ನ ತೋಟದ ಮೇಸ್ತ್ರಿಗಿಂತ ಹೆಚ್ಚು! ಮಾವ ಏನೂ ಹೇಳದೆ ಟೀ ಕುಡಿದು ಎದ್ದರು. ಈಗ ಬೇರೆ ಊರಿನ ಡಾಕ್ಟರ ಬಳಿಗೆ ಕಾರು ಓಡಿಸಿಕೊಂಡು ಹೋಗುತ್ತಾರೆ, ಅಲ್ಲಿ ಯಾರೂ ಗುರುತಿಸುವುದಿಲ್ಲವಂತೆ. ಬೋರ್ಡು ಮರುತಿಂಗಳೇ ಹೋಯಿತು. ನಂಬರನ್ನು ಮಡಚಿದ ಚೀಟಿಯಲ್ಲಿ ಅವರವರ ಕೈಗೆ ಕೊಡುತ್ತಾರೆ, ಹೇಳಬೇಕು ಅನ್ನಿಸಿದವರು ಹೇಳುತ್ತಾರೆ. ಬಹಳ ಜನ ಹೇಳುತ್ತಾರೆ ಕೂಡ. ಒತ್ತಾಯವಿಲ್ಲ ಅಂದಾಗ ಬಾಯಿ ಬಿಡುವುದು ಮನುಷ್ಯನ ಗುಣ ಇರಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮಡಚಿದ ಚೀಟಿಯೂ ಸಾಲದು. ಇಪ್ಪತ್ತೈದರ ಆಸುಪಾಸಿನ ಒಬ್ಬ ಮಗಳಿಗೆ ಇನ್ಸುಲಿನ್ ತೆಗೆದುಕೊಳ್ಳಲು ಅವಳ ತಾಯಿ ಅಂಗಡಿ ಮುಚ್ಚುವ ಹೊತ್ತಿಗೆ ಬರುತ್ತಾರೆ. ನಾನು ಕಾಗದ ಸುತ್ತಿ ಕೊಟ್ಟ ಮೇಲೆ ಅದನ್ನು ತರಕಾರಿ ಚೀಲದಲ್ಲಿ ಸೊಪ್ಪಿನ ಕೆಳಗೆ ಇಡುತ್ತಾರೆ. ಸಂಬಂಧ ನೋಡುತ್ತಿದ್ದಾರೆ. ಆ ಮಗಳನ್ನು ಗುಂಪಿನಲ್ಲಿ ಕೂರಿಸುವುದು ಅಂದರೆ ಮದುವೆ ಮಾರುಕಟ್ಟೆಯಲ್ಲಿ ಡಂಗುರ ಹೊಡೆಸಿದ ಹಾಗೆ. ಗುಂಪಿನಲ್ಲಿ ಎಲ್ಲರಿಂದ ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾರೆ, ಇಲ್ಲಿ ಕೇಳಿದ್ದು ಹೊರಗೆ ಹೇಳುವುದಿಲ್ಲ ಅಂತ. ಹೊರದೇಶದಲ್ಲೂ ಈ ರೂಢಿ ಇದೆ. ನಮ್ಮಲ್ಲಿ ಸಹಿ ಒಣಗುವ ಮೊದಲೇ ಸುದ್ದಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ತಲುಪಿರುತ್ತದೆ. ಕೆಟ್ಟ ಮನಸ್ಸಿನಿಂದಲ್ಲ. "ಪಾಪ, ಅವರಿಗೂ ಉಂಟಂತೆ" ಅಂತ ಮರುಕದಿಂದಲೇ ಹೇಳುತ್ತಾರೆ. ಆ ತಾಯಿಗೆ ಗುಂಪಿಗೆ ಬನ್ನಿ ಅಂತ ನಾನು ಇವತ್ತಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಒಬ್ಬರೇ ಕಾಣಬೇಕಾದವರು ಒಬ್ಬರೇ ಕಾಣಲಿ.

ಊಟದ ಪಟ್ಟಿ ಇನ್ನೊಂದು ತಮಾಷೆ. ಮೊದಮೊದಲು ಹಂಚಿದ ಡಯಟ್ ಚಾರ್ಟು ಬೆಂಗಳೂರಿನಲ್ಲಿ ಅಚ್ಚಾದದ್ದು. ರಾಗಿ ಮುದ್ದೆ, ಜೋಳದ ರೊಟ್ಟಿ, ಓಟ್ಸ್, ಸಿರಿಧಾನ್ಯ. ಮೇಡಮ್ಮಿಗೆ ಅದು ಸಹಜವಾಗಿ ಕಂಡಿತು, ಅವರ ತವರಿನ ಊಟ. ನಮ್ಮಲ್ಲಿ ಬೆಳಗ್ಗೆ ಅಕ್ಕಿರೊಟ್ಟಿ, ಇಲ್ಲವೇ ನೂಲ್‌ಪುಟ್ಟು, ಮಧ್ಯಾಹ್ನ ಅನ್ನ, ನೆಂಟರು ಬಂದರೆ ಅಕ್ಕಿತರಿಯ ಉಂಡೆ ಕಡಂಬುಟ್ಟು. ಎಲ್ಲವೂ ಅಕ್ಕಿ. ಲೈನ್ ಮನೆಯವರಿಗೆ, ಆದಿವಾಸಿ ಹಾಡಿಯವರಿಗೆ ರೇಷನ್ ಕಾರ್ಡಿನಲ್ಲಿ ಬರುವುದೂ ಅಕ್ಕಿ. ನವಣೆಗೆ ಅಂಗಡಿಯಲ್ಲಿ ಎಷ್ಟು ಬೆಲೆ ಅಂತ ಅವರಿಗೆ ಗೊತ್ತು. ಚಾರ್ಟು ನೋಡಿದವರು ಇದು ನಮಗಲ್ಲ ಅಂತ ತೀರ್ಮಾನಿಸಿದರು, ಮಾತಾಡಲಿಲ್ಲ. ಮೌನ ಮುರಿದದ್ದು ಒಬ್ಬ ಕೊಡವ ಅಜ್ಜಿ. "ಅದೆಲ್ಲ ಇರ್ಲಿ ಡಾಕ್ಟ್ರೇ, ಪಂದಿಕರಿ ತಿನ್ನಬಹುದಾ ಇಲ್ವಾ, ಅದೊಂದು ಹೇಳಿ." ಕೋಣೆಯೆಲ್ಲ ನಕ್ಕಿತು. ಮೇಡಂ ಯೋಚಿಸಿ ಹೇಳಿದರು: ಶುಗರ್ ಏರಿಸುವುದು ಪಂದಿಕರಿ ಅಲ್ಲ, ಅದರ ಪಕ್ಕದಲ್ಲಿರುವ ಕಡಂಬುಟ್ಟು. ಕರಿಯಲ್ಲಿ ಕೊಬ್ಬು, ಉಪ್ಪು ಜಾಸ್ತಿ, ಹಾಗಾಗಿ ಮಿತಿ ಇರಲಿ. ಕಡಂಬುಟ್ಟು ಆರು ತಿನ್ನುವ ಜಾಗದಲ್ಲಿ ಎರಡು ಸಾಕು, ಜೊತೆಗೆ ಸೊಪ್ಪೋ ಕಣಿಲೆಯೋ ಒಂದಿಷ್ಟು ಹೆಚ್ಚಿಗೆ. ಆ ದಿನ ಎಲ್ಲರೂ ಮನೆಗೆ ಒಯ್ದದ್ದು ಈ ಒಂದು ಮಾತನ್ನು. ಚಾರ್ಟನ್ನು ಯಾರೋ ಬೆಂಚಿನ ಮೇಲೆ ಮಡಚಿ ಬಿಟ್ಟುಹೋಗಿದ್ದರು.

ಭಾಷೆಯನ್ನು ಮೇಲ್ನೋಟಕ್ಕೆ ತೊಡಕು ಅನ್ನಲಾಗದು, ಎಲ್ಲರಿಗೂ ಕನ್ನಡ ಬರುತ್ತದೆ. ಆದರೆ ತನ್ನ ಮೂತ್ರ, ತನ್ನ ಮಲಬದ್ಧತೆ, ತನ್ನ ರಾತ್ರಿಯ ಸಂಕಟ ಇವನ್ನು ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಮಲಯಾಳದಲ್ಲೋ ಹೇಳಿ ಅಭ್ಯಾಸವಾದವರು, ಸಂತೆಯಲ್ಲಿ ವ್ಯಾಪಾರಕ್ಕೆ ಆಡುವ ಕನ್ನಡದಲ್ಲಿ ಎಷ್ಟು ಹೇಳಿಯಾರು? ಈಚೆಗೆ ತೋಟಗಳಿಗೆ ಬಂದಿರುವ ಅಸ್ಸಾಂ ಕಡೆಯವರ ಮಾತಂತೂ ಬೇಡ. ಅವರು ಗುಂಪಿಗೂ ಇಲ್ಲ, ಒಂಟಿಯಾಗಿಯೂ ಇಲ್ಲ. ಯುವಕರು, ಶುಗರ್ ಇದ್ದರೂ ನೋಡಿಸಿಕೊಂಡಿರುವುದಿಲ್ಲ.

ಗಂಡಸರು ಬಾರದಿರುವುದಕ್ಕೆ ಇನ್ನೊಂದು ಕಾರಣ, ಡಾಕ್ಟರ್ ಏನು ಕೇಳುತ್ತಾರೆ ಅನ್ನುವುದು ಅವರಿಗೆ ಮೊದಲೇ ಗೊತ್ತು. ಕುಡಿಯುತ್ತೀರಾ, ಎಷ್ಟು? ನಮ್ಮಲ್ಲಿ ಗುಟ್ಟೇನೂ ಅಲ್ಲ ಅದು, ಮದುವೆಯಲ್ಲಿ, ಸಾವಿನಲ್ಲಿ, ಹಬ್ಬದಲ್ಲಿ ಇರುವುದೇ. ಗುಟ್ಟಿರುವುದು ಎಷ್ಟು ಅನ್ನುವುದರಲ್ಲಿ. ಹೆಂಡತಿಯೂ ಅದೇ ಗುಂಪಿನಲ್ಲಿದ್ದರೆ ಮುಗಿದೇ ಹೋಯಿತು. ಇಲ್ಲಿ ನಿಜವಾಗಿಯೂ ತಿಳಿಯಬೇಕಾದ ಮಾತೊಂದಿದೆ. ಹೊಟ್ಟೆಗೆ ತಿನ್ನದೆ ಕುಡಿದು, ಗ್ಲಿಮೆಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಮಲಗಿದರೆ ನಡುರಾತ್ರಿ ಶುಗರ್ ಕುಸಿಯಬಹುದು. ಶುಗರ್ ಇಳಿದಾಗ ಲಿವರ್ ಹೊಸದಾಗಿ ಸಕ್ಕರೆ ತಯಾರಿಸಿ ಬಿಡಬೇಕು, ಮದ್ಯ ಅದನ್ನು ತಡೆಯುತ್ತದೆ. ಮನೆಯವರು ಕುಡಿದ ಮಂಪರು ಅಂದುಕೊಂಡು ಬಿಟ್ಟುಬಿಡುತ್ತಾರೆ. ಇದನ್ನು ನಾನು ಕೌಂಟರಿನಲ್ಲಿ, ಬೇರೆ ಗಿರಾಕಿ ಇಲ್ಲದಾಗ, ಮಾತ್ರೆ ಎಣಿಸುತ್ತ ಹೇಳುತ್ತೇನೆ. ನೇರವಾಗಿ ಅಲ್ಲ, "ಹೀಗೂ ಆಗ್ತದಂತೆ ಮಾವ" ಅಂತ. ಅವರೂ ಯಾರದೋ ವಿಷಯ ಕೇಳಿದ ಹಾಗೆ ತಲೆಯಾಡಿಸುತ್ತಾರೆ. ಕಾಮದ ತೊಂದರೆಯನ್ನು ಗಂಡಸರು ಇಷ್ಟೂ ಹೇಳುವುದಿಲ್ಲ, ಟಿವಿಯಲ್ಲಿ ಕಂಡ ಯಾವುದೋ ಮಾತ್ರೆಯ ಹೆಸರು ಕೇಳುತ್ತಾರೆ. ಶುಗರಿನ ಕಾರಣದಿಂದಲೂ ಹಾಗಾಗುತ್ತದೆ ಅಂದರೆ ಅವರ ಮುಖದ ಮೇಲೆ ಕಾಣುವ ಸಮಾಧಾನ ನೋಡಬೇಕು. ಹೆಂಗಸರೂ ಗಂಡಸರೂ ಬೆರೆತ ಗುಂಪಿನಲ್ಲಿ ಆ ಸಮಾಧಾನ ಯಾರಿಗೂ ಸಿಗದು.

ಇಷ್ಟೆಲ್ಲ ಆದ ಮೇಲೆ ಮೇಡಂ ಭಾನುವಾರದ ಗುಂಪೊಂದು ಶುರು ಮಾಡಿದರು, ತೋಟದ ಕೆಲಸದವರಿಗೆಂದೇ. ಭಾನುವಾರ ಗೋಣಿಕೊಪ್ಪದಲ್ಲಿ ಸಂತೆ. ಸಂತೆ ಮುಗಿಸಿ ಬರುವ ಜೀಪುಗಳು ನಮ್ಮ ಪೇಟೆಯಲ್ಲೇ ನಿಲ್ಲುವುದು. ಮೂರು ಗಂಟೆಗೆ ಇಳಿದವರು ಚೀಲ ಸಮೇತ ಒಳಗೆ ಬಂದು ಕೂರುತ್ತಾರೆ. ಕೋಣೆಯೆಲ್ಲ ಒಣಮೀನಿನ ವಾಸನೆ, ಯಾರದೋ ಬುಟ್ಟಿಯಲ್ಲಿ ಕೋಳಿಮರಿಯ ಸದ್ದು. ಮಾತು ಎಷ್ಟೆಂದರೆ ಡಾಕ್ಟರ್ ಕೈ ಎತ್ತಿ ಸುಮ್ಮನಾಗಿಸಬೇಕು. ಶನಿವಾರದ ಅಕ್ಕ ಬರುತ್ತಾರೆ. ಕಾಲು ಎಳೆದುಕೊಂಡ ಆಕೆ ಇನ್ನೂ ಬಂದಿಲ್ಲ. ಗಂಡಸರು ಭಾನುವಾರ ಮೂರು ಗಂಟೆಗೆ ಎಲ್ಲಿರುತ್ತಾರೆ ಅನ್ನುವುದನ್ನು ಬರೆಯಬೇಕಾಗಿಲ್ಲ.

ಇದರ ಬಗ್ಗೆ ನಮ್ಮಿಬ್ಬರಿಗೂ ವಾದ ಮುಗಿದಿಲ್ಲ. ಮೇಡಂ ಹೇಳುವುದು: ನಾನು ಮಾಡಿದ್ದು ತಪ್ಪೋ ಏನೋ, ಸಾವ್ಕಾರರಿಗೊಂದು ಕೆಲಸದವರಿಗೊಂದು ಅಂತ ಗುಂಪು ಮಾಡಿ ಇರುವ ಗೆರೆಯನ್ನೇ ನನ್ನ ಕ್ಲಿನಿಕ್ಕಿನೊಳಗೂ ಎಳೆದ ಹಾಗಾಯಿತು, ಒಂದು ಕಾಯಿಲೆಯ ನೆಪದಲ್ಲಾದರೂ ಒಟ್ಟಿಗೆ ಕೂರಬಾರದಿತ್ತೇ? ನಾನು ಹೇಳುವುದು: ಗೆರೆ ಅಳಿಸುವ ಕೆಲಸವನ್ನು ಕಾಲಿಗೆ ಹುಣ್ಣಾದ ಹೆಂಗಸಿನ ತಲೆಗೆ ಕಟ್ಟಬೇಡಿ, ಮೊದಲು ಆಕೆ ಬಂದು ಕಾಲು ತೋರಿಸಲಿ. ಅವರ ಮಾತಿನಲ್ಲೂ ಹುರುಳಿದೆ ಅಂತ ನನಗೆ ಗೊತ್ತು.

ಹೋದ ವಾರ ಆ ಸಾವ್ಕಾರಮ್ಮ ಅಂಗಡಿಗೆ ಬಂದಿದ್ದರು. ಒಳ್ಳೆಯ ಹೆಂಗಸು, ತಮ್ಮ ಲೈನಿನ ಇಬ್ಬರ ಮಾತ್ರೆಯ ದುಡ್ಡನ್ನು ತಾವೇ ಕೊಡುತ್ತಾರೆ. ಗುರುವಾರ ಮೊಮ್ಮಗುವಿನ ಶಾಲೆ ಓಡಾಟ, ಅದಕ್ಕೆ ಭಾನುವಾರದ ಗುಂಪಿಗೇ ಬರುತ್ತೇನೆ ಅಂದರು. "ನಮ್ಮವರೇ ಅಲ್ವಾ ಎಲ್ಲ, ಅವರ ಜೊತೆ ನಾನೂ ಕೂರ್ತೇನೆ." ಮೇಡಮ್ಮನ್ನು ಕೇಳಿ ಹೇಳುತ್ತೇನೆ ಅಂದೆ. ಮೇಡಮ್ಮನ್ನು ಕೇಳಿದರೆ, ಜನರನ್ನು ಬಲ್ಲವರು ನೀವು, ನೀವೇ ಹೇಳಿ ಅಂದರು. ಮುಂದಿನ ಭಾನುವಾರಕ್ಕೆ ಇನ್ನು ನಾಲ್ಕು ದಿನ ಇದೆ.